ಹಾಳೆಯ ಹಿಂಬದಿ

ಸೆಪ್ಟೆಂಬರ್ 9

ಪ್ರೀತಿಯ ಐಲಾ,

ಲಕೋಟೆಯ ಮೇಲಿನ ಜೈಲಿನ ಮುದ್ರೆ ನೋಡಿಯೇ ನೀನು ಇದನ್ನು ಕಸದ ಬುಟ್ಟಿಗೆ ಹಾಕಿರಬಹುದು. ಹಾಕಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ಮೂರು ವರ್ಷದಿಂದ ನನ್ನ ಯಾವ ಪತ್ರಕ್ಕೂ ನೀನು ಉತ್ತರ ಕೊಟ್ಟಿಲ್ಲ, ಅದಕ್ಕೆ ದೂರು ಹೇಳುವ ಮುಖ ನನಗಿಲ್ಲ. ಈ ಸಲ ಅಪ್ಪನಾಗಿ ಅಲ್ಲ, ವಿದ್ಯಾರ್ಥಿಯಾಗಿ ಬರೆಯುತ್ತಿದ್ದೇನೆ. ನಗಬೇಡ. ಐವತ್ತು ದಾಟಿದ ಮೇಲೆ ನಿನ್ನಪ್ಪ ಕಾಲೇಜು ಸೇರಿದ್ದಾನೆ.

ಇಲ್ಲಿಗೆ ವಾರಕ್ಕೆರಡು ದಿನ ಕಾಲೇಜಿನಿಂದ ಒಬ್ಬರು ಮೇಡಂ ಬಂದು ಪ್ರಬಂಧ ಬರೆಯುವುದನ್ನು ಕಲಿಸುತ್ತಾರೆ. ಪ್ರತಿಯೊಬ್ಬರೂ ಒಂದು ವಿಷಯ ಆರಿಸಿಕೊಂಡು, ಓದಿ, ಆಧಾರ ಕೊಟ್ಟು ಬರೆಯಬೇಕು. ನಾನು ಹಿಮ ಕರಗಲೆಂದು ರಸ್ತೆಗೆ ಹಾಕುವ ಉಪ್ಪನ್ನು ಆರಿಸಿಕೊಂಡೆ. ಅಷ್ಟು ವರ್ಷ ಹಿಮ ತಳ್ಳುವ ಲಾರಿ ಓಡಿಸಿ, ನಮ್ಮೂರು ಹ್ಯಾಮರ್ ಬೇಯ ರಸ್ತೆಗಳಿಗೆಲ್ಲ ಉಪ್ಪು ಸುರಿದವನಿಗೆ ಇನ್ನೇನು ಗೊತ್ತಿರುತ್ತದೆ? ಆ ಉಪ್ಪು ಬಾವಿಗಳಿಗೆ ಇಳಿಯುತ್ತದೆಯೋ ಇಲ್ಲವೋ ಎಂಬುದು ನನ್ನ ಪ್ರಶ್ನೆ.

ಇಲ್ಲಿ ಇಂಟರ್ನೆಟ್ ಇಲ್ಲ. ನೀನು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೀಯ ಎಂದು ನಿನ್ನ ಅಜ್ಜಿ ಬರೆದಿದ್ದಳು. ನಾಲ್ಕಾರು ಲೇಖನ ಹುಡುಕಿ ಅಚ್ಚು ಹಾಕಿ ಕಳಿಸುತ್ತೀಯಾ? ಒಂದು ಲಕೋಟೆಗೆ ಹತ್ತು ಹಾಳೆ, ಅದಕ್ಕಿಂತ ಹೆಚ್ಚು ಬಿಡುವುದಿಲ್ಲ. ಬಿಳಿ ಕಾಗದ, ಕಪ್ಪು ಶಾಯಿ. ಪಿನ್ ಹೊಡೆಯಬೇಡ. ಟಪಾಲು ಕೋಣೆಯವರು ಬಂದ ಕಾಗದವನ್ನೆಲ್ಲ ಜೆರಾಕ್ಸ್ ಮಾಡಿ, ಜೆರಾಕ್ಸನ್ನು ನಮಗೆ ಕೊಟ್ಟು, ಮೂಲವನ್ನು ಯಂತ್ರಕ್ಕೆ ಹಾಕಿ ಚೂರು ಮಾಡುತ್ತಾರೆ.

ಇನ್ನೊಂದು ವಿಷಯವಿದೆ. ಅದನ್ನು ಮುಚ್ಚಿಟ್ಟು ಆಮೇಲೆ ಕೇಳಿದರೆ ನೀನು ಇನ್ನೂ ಸಿಟ್ಟಾಗುತ್ತೀಯ. ನನ್ನನ್ನು ಅವಧಿಗೆ ಮುಂಚೆ ಬಿಡಬಹುದೇ ಎಂದು ಮೇ ತಿಂಗಳಲ್ಲಿ ಪೆರೋಲ್ ಮಂಡಳಿ ನನ್ನ ಅರ್ಜಿ ನೋಡುತ್ತದೆ. ಮನೆಯವರು ಯಾರಾದರೂ 'ಈತ ಬದಲಾಗಿದ್ದಾನೆ' ಎಂದು ಬರೆದರೆ ಅದಕ್ಕೆ ಬೆಲೆ ಇದೆ. ನಾನು ಕುಡಿಯುವುದನ್ನು ಬಿಟ್ಟಿದ್ದೇನೆ, ಮಗಳೇ. ನಿಜವಾಗಿ ಬಿಟ್ಟಿದ್ದೇನೆ.

ನಿನ್ನ ಅಪ್ಪ,
ರೇನೊ


ಸೆಪ್ಟೆಂಬರ್ 30

ರೇನೊ ಕಂಗಾಸ್ ಅವರಿಗೆ,

ನಿಮ್ಮ ಮೊದಲ ಕೋರಿಕೆ ನನ್ನ ಕೆಲಸಕ್ಕೆ ಸೇರಿದ್ದು. ಜೈಲುಗಳಿಂದ ಬರುವ ಇಂಥ ಪತ್ರಗಳಿಗೆ ನಮ್ಮ ಗ್ರಂಥಾಲಯ ಉತ್ತರ ಕೊಡುತ್ತದೆ, ಹೆಸರು ಯಾರದ್ದೇ ಇರಲಿ. ಮೂರು ಲೇಖನಗಳನ್ನು ಇಟ್ಟಿದ್ದೇನೆ. ಹತ್ತು ಹಾಳೆಯ ಮಿತಿಯೊಳಗೆ ಹಿಡಿಸಬೇಕಾದ್ದರಿಂದ ಎರಡೂ ಬದಿಗೆ ಅಚ್ಚು ಹಾಕಿದ್ದೇನೆ.

ಹೊಸ ವಿದ್ಯಾರ್ಥಿಗಳು ಬಂದಾಗ ನಮ್ಮ ಗ್ರಂಥಪಾಲಕಿ ಅವರಿಂದ ನಾಲ್ಕು ಪ್ರಶ್ನೆ ಬಾಯಿಪಾಠ ಮಾಡಿಸುತ್ತಾರೆ. ಇದನ್ನು ಹೇಳಿದ್ದು ಯಾರು? ಅವರಿಗೆ ಹೇಗೆ ಗೊತ್ತು? ಹೇಳಿದ್ದರಿಂದ ಅವರಿಗೇನು ಲಾಭ? ಬೇರೆ ಯಾರಾದರೂ ಇದನ್ನೇ ಹೇಳಿದ್ದಾರಾ? ಯಾವ ಲೇಖನ ಓದಿದರೂ ಇವನ್ನು ಕೇಳಿ. ಅಚ್ಚಾಗಿದೆ ಎಂದ ಮಾತ್ರಕ್ಕೆ ನಿಜವಾಗುವುದಿಲ್ಲ.

ನಿಮ್ಮ ಎರಡನೆಯ ಕೋರಿಕೆಗೂ ಇವೇ ಪ್ರಶ್ನೆಗಳನ್ನು ಹಾಕಿ ನೋಡಿದೆ. ರೇನೊ ಕಂಗಾಸ್ ಕುಡಿಯುವುದನ್ನು ಬಿಟ್ಟಿದ್ದಾರೆ. ಹೇಳಿದವರು ಯಾರು? ರೇನೊ ಕಂಗಾಸ್. ಲಾಭ ಯಾರಿಗೆ? ರೇನೊ ಕಂಗಾಸ್‌ಗೆ. ಬೇರೆ ಯಾರು ಹೇಳಿದ್ದಾರೆ? ಯಾರೂ ಇಲ್ಲ. ಇದೇ ವ್ಯಕ್ತಿ ಇದೇ ಮಾತನ್ನು ನನಗೆ ಹತ್ತು ವರ್ಷವಾಗಿದ್ದಾಗ ಹೇಳಿದ್ದರು, ನನ್ನ ಹುಟ್ಟುಹಬ್ಬದ ಊಟದ ಮೇಜಿನಲ್ಲಿ, ಅಮ್ಮನ ಕೈ ಹಿಡಿದುಕೊಂಡು. ಹನ್ನೆರಡಾಗಿದ್ದಾಗ ಮತ್ತೆ ಹೇಳಿದ್ದರು. ಕುಡಿದು ಲೆಂಪಿ ಓಯಲಾ ಅವರಿಗೆ ಪಿಕಪ್ ಗುದ್ದಿಸಿದ ದಿನ ಬೆಳಿಗ್ಗೆಯೂ ಹೇಳಿದ್ದರು. ಲೆಂಪಿ ಈಗ ನಾಲ್ಕು ಕಾಲಿನ ಚೌಕಟ್ಟು ಹಿಡಿಯದೆ ನಡೆಯಲಾರರು. ನನಗೆ ಶಾಲೆಯ ಅಡುಗೆ ತರಗತಿಯಲ್ಲಿ ಬ್ರೆಡ್ಡಿನ ಹಿಟ್ಟು ನಾದುವುದನ್ನು ಕಲಿಸಿದವರು ಅವರು.

ನನಗೆ ಗೊತ್ತಿಲ್ಲದ್ದನ್ನು ನಾನು ಮಂಡಳಿಗೆ ಬರೆಯುವುದಿಲ್ಲ.

ಐಲಾ ಕಂಗಾಸ್


ಅಕ್ಟೋಬರ್ 21

ಪ್ರೀತಿಯ ಐಲಾ,

ನಿನ್ನ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಪಕ್ಕದ ಮಂಚದ ಡೆಲ್ಬರ್ಟ್ ಕೇಳಿದ, "ಏನಯ್ಯಾ, ಮಗಳು ಉಗಿದಳಾ?" ಹೂಂ ಅಂದೆ. "ಉಗಿಯೋಕಾದ್ರೂ ಬರೆದ್ಳಲ್ಲ. ನನ್ನ ಮಗ ಅದಕ್ಕೂ ಬರೆಯಲ್ಲ" ಅಂದ. ಆಮೇಲೆ ಊಟ ಮಾಡಿದೆ.

ನಿನ್ನ ನಾಲ್ಕು ಪ್ರಶ್ನೆಗಳನ್ನು ತರಗತಿಯಲ್ಲಿ ಓದಿ ಹೇಳಿದೆ. ಮೇಡಂಗೆ ಎಷ್ಟು ಹಿಡಿಸಿತೆಂದರೆ ಬೋರ್ಡಿನ ಮೇಲೆ ಬರೆಸಿದರು. ಈಗ ಇಲ್ಲಿ ಯಾರೂ ಯಾರ ಮಾತನ್ನೂ ನಂಬುತ್ತಿಲ್ಲ! ಮೊನ್ನೆ ಊಟದ ಸಾಲಿನಲ್ಲಿ ಒಬ್ಬ, ಭಾನುವಾರ ಕೋಳಿ ಕೊಡ್ತಾರಂತೆ ಅಂದ. ಡೆಲ್ಬರ್ಟ್ ತಕ್ಷಣ, "ಹೇಳಿದ್ಯಾರು? ಅವನಿಗೆ ಹೆಂಗೊತ್ತು?" ಎಂದು ಹಿಡಿದುಕೊಂಡ. ಕೋಳಿ ಬರಲಿಲ್ಲ, ಅದು ಬೇರೆ ಮಾತು.

ನೀನು ಕಳಿಸಿದ್ದರಲ್ಲಿ ಒಂದು ವರದಿ ಅಪ್ಪಟ ಚಿನ್ನ. ವಿಜ್ಞಾನಿಯೊಬ್ಬರು ಬರೆದದ್ದು, ಹೆಸರಿನ ಮುಂದೆ ಡಾಕ್ಟರ್ ಇದೆ, ಪುಟದ ತುಂಬ ನಕ್ಷೆ. ರಸ್ತೆಯ ಉಪ್ಪು ಮನೆಬಾವಿಗಳಿಗೆ ಇಳಿದ ಗುರುತು ಇಲ್ಲ ಎಂದು ಮೊದಲ ಪುಟದಲ್ಲೇ ಹೇಳಿದ್ದಾರೆ. ಭಾಷೆ ಸ್ವಲ್ಪ ಎಗರಿ ಎಗರಿ ಹೋಗುತ್ತದೆ, ಓದಿದವರು ಹಾಗೇ ಬರೆಯುತ್ತಾರೇನೋ. ನೆನಪಿದೆಯಾ, ನಿನ್ನಮ್ಮ ಬಾವಿ ನೀರು ಉಪ್ಪಾಗಿದೆ ಎಂದು ನನ್ನ ತಲೆ ತಿನ್ನುತ್ತಿದ್ದಳು? ಕಾಫಿ ಉಪ್ಪು, ಸೂಪು ಉಪ್ಪು ಎಂದು. ಅವಳ ನಾಲಿಗೆಯಲ್ಲೇ ದೋಷ ಎಂದು ನಾನು ಹೇಳುತ್ತಿದ್ದೆ. ಈಗ ಅಚ್ಚಾದ ಸಾಕ್ಷಿ ಸಿಕ್ಕಿತು. ಮಾರ್ನಾಗೆ ಹೇಳು, ರೇನೊ ಗೆದ್ದ ಎಂದು. ತಮಾಷೆಗೆ ಹೇಳು, ಬೇರೆ ರೀತಿ ತೆಗೆದುಕೊಳ್ಳದ ಹಾಗೆ.

ಮಂಡಳಿಯ ವಿಷಯ ಮತ್ತೆ ಎತ್ತುವುದಿಲ್ಲ.

ಅಪ್ಪ


ನವೆಂಬರ್ 15

ರೇನೊ ಅವರಿಗೆ,

ಅಮ್ಮನಿಗೆ ಹೇಳಿದೆ. ಪಾಸ್ಟಿ ಮಾಡಲು ಲಟ್ಟಿಸಿದ ಹಿಟ್ಟಿಗೆ ಮಾಂಸ, ಆಲೂಗಡ್ಡೆ ತುಂಬಿ ಮಡಚುತ್ತಿದ್ದರು. ಎಷ್ಟು ನಕ್ಕರೆಂದರೆ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು. "ಅವನಿಗೆ ಬರಿ. ಆ ನೀರಲ್ಲಿ ಆಲೂಗಡ್ಡೆ ಬೇಯ್ಸಿದ್ರೆ ಉಪ್ಪು ಹಾಕೋ ಕೆಲ್ಸಾನೇ ಇರ್ಲಿಲ್ಲ. ಆ ಡಾಕ್ಟ್ರು ನಮ್ಮನೇಲಿ ಒಂದು ಕಪ್ ಕಾಫಿ ಕುಡಿದಿದ್ರೆ ಸಾಕಿತ್ತು." ಆಮೇಲೆ ನಗು ನಿಂತಿತು. ಮತ್ತೆ ಪಾಸ್ಟಿ ಮಡಚಲು ತಿರುಗಿದರು.

ಆ ವರದಿಗೆ ಮೂರನೆಯ ಪ್ರಶ್ನೆ ಹಾಕಿದಿರಾ? ನಕ್ಷೆಗಳಿವೆ, ಡಾಕ್ಟರ್ ಇದ್ದಾರೆ, ಸರಿ. ನಮಗೆ ಬೇಕಾದ್ದನ್ನೇ ಹೇಳುವ ಲೇಖನವನ್ನು ಎರಡು ಸಲ ಓದಬೇಕು ಎನ್ನುತ್ತಾರೆ ನಮ್ಮ ಗ್ರಂಥಪಾಲಕಿ. ಬೇಡವಾದ್ದನ್ನು ಹೇಗೂ ನಾವು ಎರಡು ಸಲ ಓದುತ್ತೇವಂತೆ, ಜಗಳ ತೆಗೆಯಲು.

ಇನ್ನೊಂದು ಲೇಖನ ಇಟ್ಟಿದ್ದೇನೆ. ಇದು ಬೇರೆ ಮಾತು ಹೇಳುತ್ತದೆ.

ಐಲಾ


ಡಿಸೆಂಬರ್ 18

ಪ್ರೀತಿಯ ಐಲಾ,

ಪ್ರಬಂಧ ಮುಗಿಸಿ ಕೊಟ್ಟೆ. ಮೇಡಂ ತರಗತಿಯ ಎದುರು ಓದಿದರು. ಎ ದರ್ಜೆ! ಜೀವಮಾನದಲ್ಲಿ ಮೊದಲ ಸಲ. ಕಾಲೇಜಿನವರು ತರುವ ಸಂಚಿಕೆಯಲ್ಲಿ ಅಚ್ಚಾಗುತ್ತದಂತೆ. ಒಂದು ಪ್ರತಿ ನನ್ನ ಫೈಲಿಗೆ, ಮಂಡಳಿಯವರ ಕಣ್ಣಿಗೆ. ಅಂದು ಸಂಜೆ ಡೆಲ್ಬರ್ಟ್ ನನ್ನನ್ನು ಪ್ರೊಫೆಸರ್ ಎಂದು ಕರೆದು, ಜೈಲಿನ ಅಂಗಡಿಯಲ್ಲಿ ಕೊಂಡ ಕೇಕು ಹಂಚಿದ. ನೀನು ಆಮೇಲೆ ಕಳಿಸಿದ, ಬೇರೆ ಮಾತು ಹೇಳುವ ಲೇಖನವನ್ನು ಪ್ರಬಂಧದಲ್ಲಿ ಒಂದು ಸಾಲಿನಲ್ಲಿ ಹೇಳಿ, ಬದಿಗೆ ಸರಿಸಿಬಿಟ್ಟಿದ್ದೆ.

ಕೇಕು ತಿನ್ನುತ್ತಾ ಆ ವರದಿಯನ್ನು ಮತ್ತೊಮ್ಮೆ ಕೈಗೆತ್ತಿಕೊಂಡೆ, ಹೆಮ್ಮೆಗೆ. ಆಗ ಕಣ್ಣಿಗೆ ಬಿತ್ತು. ಮೊದಲ ಹಾಳೆ ಒಂದನೆಯ ಪುಟ. ಮುಂದಿನ ಹಾಳೆ ಮೂರು. ಅದರ ಮುಂದಿನದು ಐದು. ಎರಡು ಎಲ್ಲಿ, ನಾಲ್ಕು ಎಲ್ಲಿ? ನೀನು ಎರಡೂ ಬದಿಗೆ ಅಚ್ಚು ಹಾಕಿದ್ದೆ. ಟಪಾಲು ಕೋಣೆಯವರು ಮುಂಬದಿ ಮಾತ್ರ ಜೆರಾಕ್ಸ್ ಮಾಡಿ, ಮೂಲ ಹರಿದು ಹಾಕಿದ್ದಾರೆ. ನಾನು ಇಷ್ಟು ದಿನ ಅರ್ಧ ವರದಿ ಓದಿದ್ದೇನೆ. ಭಾಷೆ ಎಗರಿದ್ದು ವಿಜ್ಞಾನಿಯ ತಪ್ಪಿನಿಂದಲ್ಲ.

ಡೆಲ್ಬರ್ಟ್‌ಗೆ ತೋರಿಸಿದೆ. "ಮುಚ್ಚಿಡಯ್ಯ. ಎ ಬಂದಿದೆ. ಹಿಂದ್ಗಡೆ ಏನಿದೆ ಅಂತ ಯಾರು ಕೇಳ್ತಾರೆ? ಮೇಡಂ ಹತ್ರಾನೂ ಇದೇ ಜೆರಾಕ್ಸ್ ತಾನೆ ಇರೋದು?" ಅವನು ಹೇಳಿದ್ದು ಸರಿ. ಯಾರಿಗೂ ಗೊತ್ತಾಗುವುದಿಲ್ಲ.

ಆದರೂ ಆ ಹಿಂಬದಿಗಳನ್ನು ಕಳಿಸು. ಒಂದೊಂದು ಹಾಳೆಗೆ ಒಂದೇ ಬದಿ.

ಅಪ್ಪ


ಜನವರಿ 6

ರೇನೊ ಅವರಿಗೆ,

ಇಟ್ಟಿದ್ದೇನೆ. ಎರಡನೆಯ ಪುಟದ ಕೆಳಗಿನ ಸಣ್ಣ ಅಕ್ಷರ ಓದಿ. ಈ ಅಧ್ಯಯನಕ್ಕೆ ಹಣ ಕೊಟ್ಟದ್ದು ಉಪ್ಪು ಮಾರುವವರ ಸಂಘ. ನಾಲ್ಕನೆಯ ಪುಟದಲ್ಲಿ ಅವರು ಯಾವ ಬಾವಿಗಳ ನೀರು ತೆಗೆದರು ಎಂಬುದಿದೆ. ಎಲ್ಲವೂ ಆಳವಾದ ಬಾವಿಗಳು, ರಸ್ತೆಯಿಂದ ಬಹಳ ದೂರ. ನಮ್ಮಂಥ ರಸ್ತೆಬದಿಯ ಬಾವಿ ಒಂದೂ ಇಲ್ಲ. ಅವರು ಸುಳ್ಳು ಹೇಳಿಲ್ಲ. ಉಪ್ಪು ಇರದ ಕಡೆ ಹುಡುಕಿ, ಉಪ್ಪಿಲ್ಲ ಎಂದಿದ್ದಾರೆ ಅಷ್ಟೆ.

ತಪ್ಪು ನನ್ನದೂ ಇದೆ. ನಾನು ಶೀರ್ಷಿಕೆ ನೋಡಿ ಅಚ್ಚು ಹಾಕಿ ಕಳಿಸಿದ್ದೆ. ಊರಿಗೆಲ್ಲ ಪ್ರಶ್ನೆ ಕೇಳಲು ಹೇಳಿಕೊಡುವವಳು ಸ್ವತಃ ಕೇಳಿರಲಿಲ್ಲ. ನಮ್ಮ ಗ್ರಂಥಪಾಲಕಿಗೆ ಹೇಳಿದೆ. ಅವರೇನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದೇನು ಮಾಡುತ್ತೀರೋ ನಿಮಗೆ ಬಿಟ್ಟದ್ದು. ದರ್ಜೆ ಬಂದಾಗಿದೆ. ನಾನು ಯಾರಿಗೂ ಹೇಳುವುದಿಲ್ಲ.

ಐಲಾ


ಮಾರ್ಚ್ 3

ಪ್ರೀತಿಯ ಐಲಾ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಯೋಗ್ಯವಾದದ್ದು ಏನೂ ನನ್ನ ಹತ್ತಿರ ಇರಲಿಲ್ಲ.

ನಿನ್ನ ಲಕೋಟೆ ಬಂದಾಗ ಮೊದಲು ಬಂದದ್ದು ಸಿಟ್ಟು. ನಿನ್ನ ಮೇಲೆ, ಟಪಾಲು ಕೋಣೆಯವರ ಮೇಲೆ, ಆ ಡಾಕ್ಟರ ಮೇಲೆ. ಹಾಳೆಗಳನ್ನು ಹಾಸಿಗೆ ಕೆಳಗೆ ತುರುಕಿದೆ. ಎರಡು ವಾರ ಅವು ಅಲ್ಲೇ ಇದ್ದವು, ನಾನು ಅವುಗಳ ಮೇಲೆ ಮಲಗಿದೆ. ತರಗತಿಗೆ ಹೋಗುತ್ತಿದ್ದೆ, ಬೋರ್ಡಿನ ಮೇಲೆ ನಿನ್ನ ಪ್ರಶ್ನೆಗಳು ಹಾಗೇ ಇದ್ದವು, ಯಾರೂ ಅಳಿಸಿರಲಿಲ್ಲ. ಹೇಳಿದ್ದರಿಂದ ಅವರಿಗೇನು ಲಾಭ? ಆ ವರದಿಯನ್ನು ನಾನು ನಂಬಿದ್ದು ಅದರಲ್ಲಿನ ನಕ್ಷೆಗಳಿಗಾಗಿ ಅಲ್ಲ. ನಾನು ಸುರಿದ ಉಪ್ಪಿನಿಂದ ಯಾರಿಗೂ ಏನೂ ಆಗಿಲ್ಲ ಎಂದು ಅದು ಹೇಳಿತು, ಅದಕ್ಕೆ ನಂಬಿದೆ.

ಕೊನೆಗೆ ಮೇಡಂ ಎದುರು ಹಾಳೆಗಳನ್ನಿಟ್ಟೆ. ಅವರು ನಿಧಾನವಾಗಿ ಓದಿದರು. "ಇದನ್ನ ನೀವು ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ, ಕಂಗಾಸ್" ಅಂದರು. ಗೊತ್ತು ಮೇಡಂ, ಅಂದೆ. "ದರ್ಜೆ ವಾಪಸ್ ತಗೋಬೇಕಾಗುತ್ತೆ." ಅದೂ ಗೊತ್ತು, ಅಂದೆ. ನನಗೆ ಅಳು ಬಂತು, ಐಲಾ. ಒಳ್ಳೆಯವನಾದೆ ಎಂಬ ಸಂತೋಷಕ್ಕಲ್ಲ. ಆ ಎ ನನಗೆ ಬೇಕಿತ್ತು.

ಸಂಚಿಕೆ ನನ್ನ ಪ್ರಬಂಧವಿಲ್ಲದೆ ಅಚ್ಚಾಯಿತು. ನನ್ನ ಫೈಲಿನಲ್ಲಿ ಈಗ ಕೋರ್ಸಿನ ಎದುರಿಗೆ 'ಅಪೂರ್ಣ' ಎಂದಿದೆ, ಮೇ ತಿಂಗಳಲ್ಲಿ ಮಂಡಳಿ ನೋಡುವುದು ಅದನ್ನೇ. ಡೆಲ್ಬರ್ಟ್ ನನ್ನನ್ನು ಪೆದ್ದ ಎಂದು ಕರೆದು ಒಂದು ದಿನ ಮಾತು ಬಿಟ್ಟ. ಮರುದಿನ ತಾನೇ ಬಂದು, ಹೊಸ ಪ್ರಬಂಧ ಬರೆಯಲು ತನ್ನ ಒಳ್ಳೆಯ ಪೆನ್ನು ಕೊಟ್ಟ.

ಮತ್ತೆ ಬರೆಯುತ್ತಿದ್ದೇನೆ. ನನಗೆ ಒಂದು ಆಧಾರ ಬೇಕು, ಅದು ಗ್ರಂಥಾಲಯದಲ್ಲಿ ಇಲ್ಲ. ನಿನ್ನಮ್ಮನನ್ನು ಕೇಳು: ಬಾವಿ ನೀರು ಯಾವಾಗಿನಿಂದ ಉಪ್ಪಾಯಿತು? ಮೊದಲು ಹೇಗೆ ಗೊತ್ತಾಯಿತು? ನಾನು ಕೇಳುತ್ತಿದ್ದೇನೆ ಎಂದೇ ಹೇಳು. ಅವಳು ಉತ್ತರ ಕೊಡದಿದ್ದರೆ ಅದೂ ಸರಿ.

ಇನ್ನೊಂದು. ಮಂಡಳಿಗೆ ನೀನು ಬರೆಯಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ. ನನ್ನ ಕುಡಿತದ ವಿಷಯದಲ್ಲಿ ನಾನು ಒಳ್ಳೆಯ ಆಧಾರ ಅಲ್ಲ. ನಿನ್ನ ಹತ್ತಿರ ಇರುವುದು ನನ್ನ ಮಾತು ಮಾತ್ರ. ಅದನ್ನು ನಂಬಿ ಬರೆ ಎಂದು ಕೇಳಿದ್ದೇ ತಪ್ಪು.

ಅಪ್ಪ


ಮಾರ್ಚ್ 24

ಅಪ್ಪಾ,

ಅಮ್ಮನನ್ನು ಕೇಳಿದೆ. ಪಾತ್ರೆ ತೊಳೆಯುತ್ತಿದ್ದರು. "ರೇನೊ ಕೇಳಿದ್ನಾ? ಅವನೇ ಕೇಳಿದ್ನಾ? ನೀನು ಸೇರಿಸ್ತಿಲ್ಲ ತಾನೆ?" ಎಂದರು. ನಿನ್ನ ಪತ್ರದ ಆ ಸಾಲು ತೋರಿಸಿದೆ. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಳ್ಳದೆ ಕುರ್ಚಿಯಲ್ಲಿ ಕೂತರು.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ.

"ತಿರುವಿನ ಹತ್ರ ರಸ್ತೆಯವ್ರು ಉಪ್ಪಿನ ರಾಶಿ ಹಾಕೋಕೆ ಶುರು ಮಾಡಿದ್ರಲ್ಲ, ಅದಾಗಿ ಎರಡನೇ ವಸಂತ. ಐಲಾ ಎರಡನೇ ಕ್ಲಾಸು. ಮೊದ್ಲು ಗೊತ್ತಾಗಿದ್ದು ನಾಯಿಗೆ. ಬಟ್ಟಲಲ್ಲಿ ನೀರಿಟ್ರೆ ಮೂಸಿ ಬಿಟ್ಟು, ಹೊರಗೆ ಹೋಗಿ ಹಿಮ ನೆಕ್ಕೋದು. ಆಮೇಲೆ ಕಾಫಿ. ಆಮೇಲೆ ಚರಂಡಿ ಪಕ್ಕದ ಮೇಪಲ್ ಮರ ಒಂದು ಕಡೆಯಿಂದ ಒಣಗ್ತಾ ಬಂತು. ನಾನು ನೀರು ಪರೀಕ್ಷೆಗೆ ಕಳಿಸ್ದೆ. ಉಪ್ಪು ಜಾಸ್ತಿ ಅಂತ ಕಾಗದ ಬಂತು. ಅದನ್ನ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ, ವರ್ಷ ಪೂರ್ತಿ ಅಲ್ಲೇ ಇತ್ತು. ಅವನು ಬಿಯರ್ ತಗೊಳ್ಳೋಕೆ ದಿನಾ ಆ ಬಾಗಿಲು ತೆಗೀತಿದ್ದ."

ಆ ಕಾಗದ ನನಗೂ ನೆನಪಿದೆ, ಅಪ್ಪಾ. ಹಳದಿ ಅಯಸ್ಕಾಂತದ ಕೆಳಗೆ ಇತ್ತು. ನೀನು ಬಾಗಿಲು ತೆಗೆದಾಗೆಲ್ಲ ಅದು ಗಾಳಿಗೆ ಏಳುತ್ತಿತ್ತು.

ಕೊನೆಗೆ ಅಮ್ಮ ಹೇಳಿದ್ದು ಇಷ್ಟು: "ಅವನಿಗೆ ಬರಿ, ಕೇಳಿದ್ದಕ್ಕೆ ಥ್ಯಾಂಕ್ಸ್ ಅಂತ." ಆಮೇಲೆ, "ಬೇಡ, ಬರೀಬೇಡ" ಎಂದರು. ಆಮೇಲೆ ಒಳಗಿನ ಕೋಣೆಯಿಂದ ಕೂಗಿ, "ಬರಿ" ಎಂದರು.

ಪರೀಕ್ಷೆಯ ಕಾಗದದ ನಕಲು ಇಟ್ಟಿದ್ದೇನೆ. ಒಂದೇ ಬದಿ.

ಐಲಾ


ಏಪ್ರಿಲ್ 19

ಪ್ರೀತಿಯ ಐಲಾ,

ಮುಗಿಸಿ ಕೊಟ್ಟೆ. ಬಿ. ತಡವಾಗಿ ಕೊಟ್ಟದ್ದಕ್ಕೆ ಒಂದು ದರ್ಜೆ ಕಡಿತ. ಫೈಲಿನಲ್ಲಿ ತಿದ್ದುಪಡಿ ಮೇ ತಿಂಗಳೊಳಗೆ ಸೇರುತ್ತದೋ ಇಲ್ಲವೋ ಯಾರೂ ಖಚಿತವಾಗಿ ಹೇಳುತ್ತಿಲ್ಲ.

ಪ್ರಬಂಧದ ಕೊನೆಯಲ್ಲಿ ಆಧಾರಗಳ ಪಟ್ಟಿ ಕೊಡಬೇಕು. ಮೊದಲ ಹೆಸರು ಇದು: ಮಾರ್ನಾ ಕಂಗಾಸ್, ಹ್ಯಾಮರ್ ಬೇ, ಆ ಬಾವಿಯ ನೀರು ಕುಡಿದವರು. ಮೇಡಂ ಅದನ್ನು ಹಾಗೇ ಇರಲಿ ಎಂದರು. ಅವಳಿಗೆ ಹೇಳು, ಅವಳು ಹೇಳಿದ್ದು ಸರಿ. ನೀರಿನ ವಿಷಯದಲ್ಲಿ. ನೀರಿನ ವಿಷಯದಲ್ಲಿ ಮಾತ್ರ ಅಲ್ಲ.

'ಅಪ್ಪಾ' ಎಂದು ಬರೆದಿದ್ದೀಯ. ಆ ಹಾಳೆಯನ್ನು ಡೆಲ್ಬರ್ಟ್‌ಗೂ ತೋರಿಸಿದೆ. ಜೆರಾಕ್ಸೇ ಆದರೂ ಅಕ್ಷರ ನಿನ್ನದೇ.

ಅಪ್ಪ


ಮೇ 2

ಪೆರೋಲ್ ಮಂಡಳಿಯ ಸದಸ್ಯರಿಗೆ,

ವಿಷಯ: ಕೈದಿ ರೇನೊ ಕಂಗಾಸ್.

ಈ ಪತ್ರವನ್ನು ಓದುವ ಮೊದಲು ನೀವು ತಿಳಿದಿರಬೇಕಾದದ್ದು ಒಂದಿದೆ. ನಾನು ಅವರ ಮಗಳು. ಅವರು ಮನೆಗೆ ಬರಲಿ ಎಂದು ನನಗೆ ಆಸೆಯಿದೆ. ಈ ಆಸೆ ಇತ್ತೀಚಿನದು, ಆದರೆ ಇದೆ. ನನ್ನ ಮಾತನ್ನು ತೂಗುವಾಗ ಅದನ್ನೂ ತಕ್ಕಡಿಗೆ ಹಾಕಿ. ಬರೆಯಬೇಡ ಎಂದು ಅವರೇ ಹೇಳಿದ್ದಾರೆ. ಈ ಪತ್ರ ನಾನಾಗಿಯೇ ಬರೆದದ್ದು.

ಅವರು ಕುಡಿಯುವುದನ್ನು ಬಿಟ್ಟಿದ್ದಾರೆಯೇ ಎಂಬುದು ನನಗೆ ಗೊತ್ತಿಲ್ಲ. ಬಿಟ್ಟಿದ್ದೇನೆ ಎಂದು ಅವರು ಹೇಳುತ್ತಾರೆ. ಹಿಂದೆಯೂ ಹೇಳಿದ್ದರು, ಆಗ ಅದು ನಿಜವಾಗಿರಲಿಲ್ಲ. ಮೂರೂವರೆ ವರ್ಷದಿಂದ ನಾನು ಅವರ ಮುಖ ನೋಡಿಲ್ಲ. ಬರುವ ಶನಿವಾರ ಭೇಟಿಗೆ ಹೆಸರು ಕೊಟ್ಟಿದ್ದೇನೆ. ಒಂದು ಭೇಟಿಯಿಂದಲೂ ಅದು ನನಗೆ ಗೊತ್ತಾಗುವುದಿಲ್ಲ. ಅವರಿಂದ ಗಾಯಗೊಂಡ ಶ್ರೀಮತಿ ಲೆಂಪಿ ಓಯಲಾ ನಮ್ಮ ಊರಿನಲ್ಲೇ ಇದ್ದಾರೆ. ಅವರನ್ನೂ ಕೇಳಿ. ಅವರು ಏನು ಹೇಳಿದರೂ ಅದು ನನ್ನ ಮಾತಿಗಿಂತ ಹೆಚ್ಚು ತೂಕದ್ದು.

ನನಗೆ ಗೊತ್ತಿರುವುದು ಒಂದೇ ಸಂಗತಿ. ಈ ಚಳಿಗಾಲದಲ್ಲಿ ಅಪ್ಪ ಒಂದು ಪ್ರಬಂಧ ಬರೆದು ಎ ದರ್ಜೆ ಪಡೆದರು. ಅವರು ಆಧಾರವಾಗಿ ಹಿಡಿದ ವರದಿಯ ಅರ್ಧ ಪುಟಗಳು ಅವರಿಗೆ ತಲುಪಿರಲಿಲ್ಲ. ಅದನ್ನು ಅವರೇ ಗುರುತಿಸಿ, ಉಳಿದ ಪುಟಗಳನ್ನು ನನ್ನಿಂದ ಕೇಳಿ ತರಿಸಿಕೊಂಡರು. ಆ ಪುಟಗಳನ್ನು ಕಳಿಸಿದವಳು ನಾನು. ಯಾರಿಗೂ ಹೇಳುವುದಿಲ್ಲ ಎಂದು ಅವರಿಗೆ ಬರೆದವಳೂ ನಾನೇ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಅಧ್ಯಾಪಕಿಗೆ ಹೇಳಿದರು. ನಿಮ್ಮ ಎದುರಿನ ಫೈಲಿನಲ್ಲಿ 'ಅಪೂರ್ಣ' ಎಂದು ಇನ್ನೂ ಇದ್ದರೆ, ಅದರ ಕಾರಣ ಇದು. ಅಧ್ಯಾಪಕಿಯನ್ನು ಕೇಳಿ ಖಚಿತಪಡಿಸಿಕೊಳ್ಳಬಹುದು.

ಇಷ್ಟರಿಂದ ಒಬ್ಬ ಮನುಷ್ಯ ಬದಲಾಗಿದ್ದಾನೆ ಎಂದು ಹೇಳಲು ಬರುವುದಿಲ್ಲ. ಆದರೆ ನಾನು ಬೆಳೆದ ಮನೆಯಲ್ಲಿದ್ದ ಅಪ್ಪ ಹಿಂಬದಿಯ ಪುಟಗಳನ್ನು ಕೇಳಿ ತರಿಸಿಕೊಳ್ಳುವವರಾಗಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು, ನಾನು ಅಲ್ಲೇ ಇದ್ದೆ.

ಈ ಪತ್ರವನ್ನು ಹಾಳೆಯ ಒಂದೇ ಬದಿಗೆ ಬರೆದಿದ್ದೇನೆ. ಹಿಂಬದಿಯಲ್ಲಿ ಏನೂ ಇಲ್ಲ, ತಿರುಗಿಸಿ ನೋಡಬಹುದು.

ಐಲಾ ಕಂಗಾಸ್
ಹ್ಯಾಮರ್ ಬೇ